ಎರಡು ಚರಗಿ ಮಾಸ್ತರ

ಹೋದ ಬೇಸಿಗೆಯ ತನಕ ಪ್ರತಿ ರವಿವಾರ ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಎರಡು ನೀಲಿ ಪ್ಲಾಸ್ಟಿಕ್ ಬಾಟಲಿಗಳು ಬೋರಲು ಬಿದ್ದಿರುತ್ತಿದ್ದವು. ಒಂದು ಪಕ್ಕದಲ್ಲಿ ಅಜ್ಜಿಯ ಕಾಲದ ಹಿತ್ತಾಳೆ ತಂಬಿಗೆ, ಇನ್ನೊಂದು ಪಕ್ಕದಲ್ಲಿ ಮಜ್ಜಿಗೆಯ ಗಡಿಗೆ. ಆ ಹಿರಿಯರ ನಡುವೆ ಇವೆರಡು, ಮೊದಲ ಸಲ ಮಾವನ ಮನೆಗೆ ಬಂದ ಅಳಿಯಂದಿರ ಹಾಗೆ, ಸ್ವಲ್ಪ ಮುಜುಗರದಲ್ಲಿ. ಅವನ್ನು ಬೋರಲು ಹಾಕುತ್ತಿದ್ದವಳು ನನ್ನ ಹೆಂಡತಿ ಸುಧಾ. ನೀವು ತೊಳೆದಿಡಲು ಎಂದುಕೊಂಡಿದ್ದರೆ ಅದು ನಿಮ್ಮ ಸಜ್ಜನಿಕೆ. ಅವಳು ಮಾಡುತ್ತಿದ್ದುದು ತಪಾಸಣೆ. ನಾನು ಸೈಕಲ್ ತುಳಿದು ಮನೆಗೆ ಬಂದ ಕೂಡಲೇ ಮುಚ್ಚಳ ತಿರುವಿ, ಬಾಟಲಿಯನ್ನು ತಲೆಕೆಳಗು ಹಿಡಿದು, ಒಂದು ಹನಿಯಾದರೂ ಉದುರೀತೇ ಎಂದು ಕಾಯುತ್ತಿದ್ದಳು.

ನಾನು ಸಿಂದಗಿಯಲ್ಲಿ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಐವತ್ತರ ಹೊಸ್ತಿಲಲ್ಲಿ ಜನ ಮಂಡಿನೋವನ್ನೋ ವೇದಾಂತವನ್ನೋ ಹಚ್ಚಿಕೊಂಡರೆ ನಾನು ಟ್ರಯಥ್ಲಾನ್ ಹಚ್ಚಿಕೊಂಡೆ. ಅಂದರೆ ಮೊದಲು ಎರಡು ಕಿಲೋಮೀಟರಿನಷ್ಟು ಈಜಬೇಕು, ಮೈ ಆರುವ ಮೊದಲೇ ಸೈಕಲ್ ಹತ್ತಿ ತೊಂಬತ್ತು ಕಿಲೋಮೀಟರ್ ತುಳಿಯಬೇಕು, ಆಮೇಲೂ ಜೀವ ಉಳಿದಿದ್ದರೆ ಇಪ್ಪತ್ತೊಂದು ಕಿಲೋಮೀಟರ್ ಓಡಬೇಕು. ನೀರಿನಿಂದ ಎದ್ದವನು ಮತ್ತೆ ನೀರನ್ನು ನೆನೆಯಬೇಕಾದದ್ದು ಸೈಕಲ್ಲಿನ ಮೇಲೆ. ಅಲ್ಲಿ ಕಾಲುಗಂಟೆಗೊಮ್ಮೆ ಗುಟುಕರಿಸದಿದ್ದರೆ ಓಟದ ಹೊತ್ತಿಗೆ ದೇಹ ಕೈಕೊಡುತ್ತದೆ. ಇದನ್ನು ನಾನು ಪ್ರತಿವರ್ಷ ಕರಿಹಲಗೆಯ ಮೇಲೆ ಚಿತ್ರ ಬರೆದು ಮಕ್ಕಳಿಗೆ ಪಾಠ ಮಾಡುತ್ತೇನೆ, ಪ್ರಶ್ನೆ ಕೇಳುತ್ತೇನೆ, ಅಂಕ ಕಡಿಯುತ್ತೇನೆ. ಆದರೂ ಮೊದಲನೆಯ ವರ್ಷ ಕಡಲ ತೀರದ ಆ ಊರಿನ ಸ್ಪರ್ಧೆಯಲ್ಲಿ ಎಪ್ಪತ್ತನೆಯ ಕಿಲೋಮೀಟರಿಗೆ ಸೈಕಲ್ಲಿನಿಂದ ಇಳಿದು, ರಸ್ತೆ ಪಕ್ಕದ ಕಲ್ಲುಗಳ ಮುಂದೆ ನಿಂತು, ಒಂದೊಂದಕ್ಕೂ ಹೆಸರಿಟ್ಟು ಹಾಜರಿ ಕರೆದೆನಂತೆ. ಕಲ್ಲುಗಳು ಎದ್ದು ನಿಲ್ಲಲಿಲ್ಲವೆಂದು ಸಿಟ್ಟೂ ಮಾಡಿದೆನಂತೆ. ಎಚ್ಚರವಾದಾಗ ಕೈಗೆ ಸಲಾಯಿನ್ ಏರುತ್ತಿತ್ತು, ಸುಧಾ ಕಾಲ ಬಳಿ ಕುಳಿತಿದ್ದಳು, ಅವಳ ಮಡಿಲಲ್ಲಿ ಸೈಕಲ್ಲಿನಿಂದ ಬಿಚ್ಚಿ ತಂದ ಎರಡೂ ಬಾಟಲಿಗಳು ಬೆಳಿಗ್ಗೆ ತುಂಬಿದಂತೆಯೇ ತುಂಬಿದ್ದವು.

“ಮತ್ತ ಹೆಸರ ಹಚ್ಚಬೇಕಂದ್ರ ನಾಕ ತಿಂಗಳ ಇವು ಖಾಲಿ ಬರ್ಬೇಕು,” ಎಂದಳು. “ಒಂದ ಸಲ ತುಂಬಿ ಬಂದ್ರೂ ಸೈಕಲ್ಲ ಅಟ್ಟಾ ಏರತೈತಿ.”

ನೀರು ಕುಡಿಯಲು ಏನು ಧಾಡಿ ಎಂದು ನೀವು ಕೇಳಬಹುದು. ಬಾಟಲಿ ಇರುವುದು ಎರಡು ತೊಡೆಗಳ ನಡುವಿನ ಕೊಳವೆಯ ಮೇಲೆ. ಒಂದು ಕೈ ಬಿಟ್ಟು ಬಗ್ಗಿದರೆ ನನ್ನ ಸೈಕಲ್ ನೇರವಾಗಿ ಯಾರದಾದರೂ ತೊಗರಿ ಹೊಲಕ್ಕೆ ಇಳಿಯುತ್ತಿತ್ತು. ಹಾಗಾಗಿ ನಿಂತೇ ಕುಡಿಯಬೇಕು. ನಿಲ್ಲುವುದರಲ್ಲೇ ಇತ್ತು ಅಸಲಿ ತೊಡಕು. ನಮ್ಮ ಸೀಮೆಯಲ್ಲಿ ಬೆಳಗಿನ ಹೊತ್ತು ಕೈಯಲ್ಲಿ ನೀರು ಹಿಡಿದು ಹೊಲದ ಬದಿಗೆ ನಿಂತ ಗಂಡಸಿಗೆ ಇರುವುದು ಒಂದೇ ಅರ್ಥ: ಅವನು ಚರಗಿ, ಎಂದರೆ ನೀರಿನ ತಂಬಿಗೆ, ಹಿಡಿದು ಬಯಲಕಡೆಗೆ ಹೊರಟಿದ್ದಾನೆ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಭೂಮಿತಾಯಿಗೆ ಎಡೆಯಾಗಿ ಚೆಲ್ಲುವುದು ಚರಗ. ಅದೇ ಮಾತಿಗೆ ಒಂದು ಗುಡಿಸು ಹಚ್ಚಿದರೆ ಸಾಕು, ಪೂಜೆ ಹೋಗಿ ಚರಗಿ ಬರುತ್ತದೆ. ಚರಗಿ ಹಿಡಿದವನನ್ನು ಮಾತಾಡಿಸಬಾರದು, ನೋಡಿದರೂ ನೋಡದಂತೆ ಮುಖ ತಿರುವಬೇಕು, ಇದು ಊರಿನ ಮರ್ಯಾದೆ. ಕಂಡಾಗಲೆಲ್ಲ ಕೈಯೆತ್ತಿ ನಮಸ್ಕಾರ ಹೇಳುತ್ತಿದ್ದ ಕನ್ನೊಳ್ಳಿಯ ರೈತ ಭೀಮರಾಯ ಕಾಕಾ ನಾನು ಬಾಟಲಿ ಕೈಗೆತ್ತಿಕೊಂಡ ಕ್ಷಣವೇ ಆಕಾಶ ನೋಡತೊಡಗುತ್ತಿದ್ದ. ಕಡೆಗೊಂದು ದಿನ ಚಹಾದಂಗಡಿಯಲ್ಲಿ ಸಿಕ್ಕಾಗ ತಡೆಯಲಾರದೆ ಕೇಳಿಯೇಬಿಟ್ಟ.

“ಮಾಸ್ತರ್ರ, ಸಿಟ್ಟ ಮಾಡ್ಕೋಬ್ಯಾಡ್ರಿ. ಎಲ್ಲಾರೂ ಒಂದ ಚರಗಿ ಒಯ್ತಾರ. ನಿಮಗ ಎರಡ ಯಾಕ ಬೇಕ್ರಿ?”

“ಕುಡ್ಯಾಕ ಕಾಕಾ,” ಎಂದೆ.

ಕಾಕಾ ಕಪ್ಪು ಕೆಳಗಿಟ್ಟು ನನ್ನನ್ನು ಬಹಳ ಮರುಕದಿಂದ ನೋಡಿದ. “ಆ ನೀರ ಕುಡೀತೀರಿ?”

ಅಂದಿನಿಂದ ಆ ದಾರಿಯುದ್ದಕ್ಕೂ ನಾನು ಎರಡು ಚರಗಿ ಮಾಸ್ತರನಾದೆ. ಮಾನವಂತನಾದವನು ಇದಾದ ಮೇಲೆ ರಸ್ತೆಯಲ್ಲಿ ನಿಂತು ನೀರು ಕುಡಿದಾನೆಯೇ? ಕುಡಿಯುವುದನ್ನು ಬಿಟ್ಟೆ. ಆದರೆ ಮನೆಯಲ್ಲಿ ತಪಾಸಣೆ ಇತ್ತಲ್ಲ! ಕನ್ನೊಳ್ಳಿಯ ಹತ್ತಿರ ಯಾರೋ ರಸ್ತೆ ಬದಿಗೆ ಸಾಲಾಗಿ ನೆಟ್ಟು ಮರೆತ ಬೇವಿನ ಸಸಿಗಳಿದ್ದವು. ಮರಳಿ ಬರುವಾಗ, ಯಾರೂ ಇಲ್ಲದ್ದನ್ನು ನೋಡಿ, ಅವುಗಳಲ್ಲಿ ಒಂದರ ಬುಡಕ್ಕೆ ನೀರಿನ ಬಾಟಲಿಯನ್ನು ಬಗ್ಗಿಸುತ್ತಿದ್ದೆ. ಇನ್ನೊಂದು ಬಾಟಲಿಯಲ್ಲಿ ಸುಧಾ ಇಂಡಿ ಊರಿನ ಲಿಂಬೆಹಣ್ಣು ಹಿಂಡಿ, ಬೆಲ್ಲ, ಉಪ್ಪು ಕದಡಿ ಕೊಟ್ಟ ಶರಬತ್ತು. ಉಪ್ಪು ಬೇರಿಗೆ ಒಳ್ಳೆಯದಲ್ಲವೆಂದು ಅದನ್ನು ಮಾತ್ರ ಒಂದು ಮೊಳ ಆಚೆ ಸುರಿಯುತ್ತಿದ್ದೆ. ವಿಜ್ಞಾನದ ಮೇಷ್ಟ್ರಾಗಿ ನಾನು ತೋರಿಸಿದ ಜವಾಬ್ದಾರಿ ಅಷ್ಟು. ಬಾಟಲಿಗಳು ಖಾಲಿಯಾಗಿ ಮನೆಗೆ ಬಂದವು, ಸುಧಾ ಸಮಾಧಾನದಿಂದ ಅವನ್ನು ಬೋರಲು ಹಾಕಿದಳು, ನನಗೆ ಮಾತ್ರ ರವಿವಾರ ಸಂಜೆಯೆಲ್ಲ ತಲೆ ಸಿಡಿಯುತ್ತಿತ್ತು.

ಮೂರನೆಯ ತಿಂಗಳಿನಲ್ಲಿ ಭೀಮರಾಯ ಕಾಕಾ ತೊಗರಿ ಹೇರಿಕೊಂಡು ಸಿಂದಗಿಯ ಪೇಟೆಗೆ ಬಂದವನು ನಮ್ಮ ಮನೆಗೂ ಬಂದ. ಸುಧಾ ಪದ್ಧತಿಯಂತೆ ಬೆಲ್ಲ ನೀರು ತಂದಿಟ್ಟಳು. ಕಾಕಾ ನೀರು ಕುಡಿದು, ಮೀಸೆ ಒರೆಸಿಕೊಂಡು, ನನ್ನನ್ನು ಹೊಗಳತೊಡಗಿದ.

“ಅಕ್ಕಾರ, ನಿಮ್ಮ ಮನಿಯವ್ರು ಪುಣ್ಯವಂತ್ರರಿ. ನಾ ತಪ್ಪ ತಿಳ್ದಿದ್ದೆ. ದಾರಿ ಮ್ಯಾಲಿನ ಗಿಡಾ ಎಲ್ಲಾ ಒಣಗ್ಯಾವು, ಇವ್ರ ನೀರ ಹಾಕೋದೊಂದ ಎದಿಮಟ ಬಂದೈತಿ ನೋಡ್ರಿ. ಒಂದ ಹನಿ ತಾವು ಕುಡ್ಯಂಗಿಲ್ಲ, ಎರಡೂ ಬಾಟ್ಲಿ ಗಿಡಕ್ಕ.” ಸ್ವಲ್ಪ ತಡೆದು, “ಆದ್ರ ಅಲ್ಲಿ ಇರಿವಿ ಬಾಳ ಆಗ್ಯಾವ್ರಿ. ಬೆಲ್ಲಾ ಏನರೆ ಹಾಕ್ತಾರೇನ?” ಎಂದ.

ಇಷ್ಟು ಮನಃಪೂರ್ವಕವಾಗಿ ನನ್ನನ್ನು ಯಾರೂ ಹೊಗಳಿರಲಿಲ್ಲ, ಇಷ್ಟು ಪೂರ್ತಿಯಾಗಿ ಯಾರೂ ಹಿಡಿದುಕೊಟ್ಟಿರಲಿಲ್ಲ. ಸುಧಾ ಬೈಯಲಿಲ್ಲ. ಅವಳ ತವರು ಮುದ್ದೇಬಿಹಾಳ. ಆ ಮನೆಯವರ ಬೈಗುಳ ನಾನು ತಡೆದುಕೊಳ್ಳಬಲ್ಲೆ, ಮೆತ್ತನೆಯ ಮಾತು ತಡೆಯಲಾರೆ. ಎರಡೂ ಬಾಟಲಿಗಳನ್ನು ತಂದು ನನ್ನ ಮುಂದಿಟ್ಟು ಹೇಳಿದಳು: “ಗಿಡಾ ಬದುಕಸೀರಿ, ಛಲೋ ಆತು. ಆ ದಿನಾ ಕಲ್ಲಿನ ಹಾಜರಿ ಕರೀತಿದ್ರಲ್ಲಾ, ಅದ್ರಾಗ ನನ್ನ ಹೆಸರ ಇರಲಿಲ್ರಿ.”

ಹೊಸಿಲು ದಾಟಿ ಬಂದವರು ಯಾರೇ ಇರಲಿ, ಅವರ ಹೆಸರು ಕೇಳುವ ಮೊದಲು ನೀರು ಕೊಡುವ ನಾಡು ನಮ್ಮದು. ಬಂದವರಿಗೆ ಕೊಟ್ಟೆ, ರಸ್ತೆಯ ಸಸಿಗೆ ಕೊಟ್ಟೆ. ಐವತ್ತು ವರ್ಷದಿಂದ ನನ್ನನ್ನು ಹೊತ್ತು ತಿರುಗುತ್ತಿರುವ ಈ ಮೈಯನ್ನು ಮಾತ್ರ ಬಾಗಿಲ ಹೊರಗೇ ನಿಲ್ಲಿಸಿದ್ದೆ. ಅದೂ ನಾಲ್ಕು ಜನರ ನಗೆಗೆ ಅಂಜಿ! ಕಾಕಾನ ಮುಂದೆಯೇ ಎಲ್ಲವನ್ನೂ ಒಪ್ಪಿಕೊಂಡೆ. ಅವನು ನಗಲಿಲ್ಲ.

“ಇಷ್ಟ ಏನ್ರಿ? ಎತ್ತು ನೀರ ಕುಡೀದಿದ್ರ ನಾವು ಸಿಳ್ಳ ಹಾಕ್ತೇವಲ್ಲ, ನಿಮಗೂ ಹಾಕ್ತೇನಿ ಬರ್ರಿ.”

ಮುಂದಿನ ರವಿವಾರ ಅವನ ಹೊಲ ಬಂದಾಗ ಬದುವಿನಿಂದ ನಿಧಾನವಾದ, ಉದ್ದವಾದ ಸಿಳ್ಳು ಕೇಳಿಸಿತು. ಎತ್ತುಗಳ ಗಂಟಲಿಗೆ ಗೊತ್ತಿರುವ ಆ ಸಿಳ್ಳು ನನ್ನ ಗಂಟಲಿಗೂ ಹೇಗೋ ಅರ್ಥವಾಯಿತು. ಕೈ ತಾನಾಗಿ ಬಾಟಲಿಗೆ ಹೋಯಿತು. ಮೊದಲ ಸಲ ಹೊಲಕ್ಕೆ ಇಳಿದೆ, ಮೂರನೆಯ ಸಲ ರಸ್ತೆಯಲ್ಲೇ ಉಳಿದೆ. ಒಂದು ತಿಂಗಳಲ್ಲಿ ಸುದ್ದಿ ಹಬ್ಬಿ, ಬಸವನ ಬಾಗೇವಾಡಿಯ ಕಡೆ ಹೊರಳಿದರೂ ಯಾವುದಾದರೂ ಹೊಲದಿಂದ ಸಿಳ್ಳು ಬಂದೇ ಬರುತ್ತಿತ್ತು. ನಾಚಿಕೆಯಾಗುತ್ತಿತ್ತು, ನಿಜ. ನಾಚಿಕೆಯ ಜೊತೆಗೇ ನೀರನ್ನೂ ನುಂಗಿದೆ.

ಸ್ಪರ್ಧೆಗೆ ಮತ್ತೆ ಹೆಸರು ಹಚ್ಚಲು ಸುಧಾ ಒಪ್ಪಿದಳು. ಕಡಲ ಊರಿಗೆ ತಾನೂ ಬಂದಳು. ಅಲ್ಲಿ ಹೊಲವಿಲ್ಲ, ಕಾಕಾ ಇಲ್ಲ, ಬ್ಯಾಂಡಿನ ಗದ್ದಲದಲ್ಲಿ ಕಾಲುಗಂಟೆಯ ಲೆಕ್ಕವೂ ತಪ್ಪಿಹೋಯಿತು. ಎಪ್ಪತ್ತನೆಯ ಕಿಲೋಮೀಟರಿಗೆ ಬಂದಾಗ, ನಾನು ಹಿಂದೆ ಹಾಜರಿ ಕರೆದಿದ್ದ ಕಲ್ಲುಗಳ ಪಕ್ಕದಲ್ಲೇ ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದಳು. ನನ್ನನ್ನು ಕಂಡು ತುಟಿ ಮುಂದೆ ಮಾಡಿ ಊದಿದಳು. ಜನ್ಮದಲ್ಲಿ ಸಿಳ್ಳು ಹಾಕಿದವಳಲ್ಲ. ಬರೀ ಗಾಳಿ ಬಂತು. ನಾನು ಒಂದು ಕೈ ಬಿಟ್ಟು, ಬಾಟಲಿ ಎತ್ತಿ, ಅವಳು ನೋಡುತ್ತಿದ್ದಂತೆ ಕೊನೆಯ ಹನಿಯ ತನಕ ಕುಡಿದೆ. ಆಮೇಲೆ ಓಡಿದೆ, ಕೊನೆಯಿಂದ ಮೂರನೆಯವನಾಗಿ, ನನ್ನ ಕಾಲಿನ ಮೇಲೆಯೇ ಮುಗಿಸಿದೆ.

ಈಗ ರವಿವಾರ ಕಟ್ಟೆಯ ಮೇಲೆ ಬೋರಲು ಬೀಳುವ ಬಾಟಲಿಗಳು ಮೂರು. ಮೂರನೆಯದು ಅವಳೇ ತಂದದ್ದು, ಬೇವಿನ ಗಿಡಕ್ಕೆ. ಕನ್ನೊಳ್ಳಿಯವರು ನನಗೆ ಒಂದು ಚರಗಿ ಬಡ್ತಿ ಕೊಟ್ಟಿದ್ದಾರೆ. ಅವಳು ಈಗ ಯಾವ ಬಾಟಲಿಯನ್ನೂ ತಲೆಕೆಳಗು ಹಿಡಿದು ನೋಡುವುದಿಲ್ಲ. ತೊಳೆದು ಇಡುತ್ತಾಳೆ, ಅಷ್ಟೇ.