ದೆಲ್ಚೊ ತಲೆಯಾಡಿಸಿದ್ದು ಯಾರಿಗೆ

ದೆಲ್ಚೊ ನನ್ನ ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂತಿರುತ್ತಿದ್ದ, ಆದರೆ ಅಲ್ಲಿ ಇರುತ್ತಿರಲಿಲ್ಲ. ಮೂಗಿನಿಂದ ಹಣೆಯವರೆಗೆ ಕಪ್ಪು ಪ್ಲಾಸ್ಟಿಕ್ಕಿನ ಡಬ್ಬವೊಂದನ್ನು ಪಟ್ಟಿಯಿಂದ ಬಿಗಿದುಕೊಂಡು, ಕೈಯಲ್ಲಿ ಡ್ರೋನ್ ನಡೆಸುವ ಎರಡು ಹಿಡಿಗಳ ಪೆಟ್ಟಿಗೆ ಹಿಡಿದು, ಬಾಯಿ ಅರ್ಧ ತೆರೆದು ಕೂತಿರುವುದು ಅವನ ಭಂಗಿ. ಡಬ್ಬದ ಸೀಳಿನಲ್ಲಿ ಅವನ ಮೊಬೈಲ್ ಕೂತಿರುತ್ತಿತ್ತು. ಡ್ರೋನಿಗೆ ಏನು ಕಾಣುತ್ತದೋ ಅದು ಮೊಬೈಲಿನಲ್ಲಿ, ಮೊಬೈಲಿನಲ್ಲಿ ಕಂಡದ್ದು ಅವನ ಕಣ್ಣಿನೆದುರಿಗೆ. ಡ್ರೋನ್ ಯಾವ ಬೆಟ್ಟದ ಮೇಲಿದೆಯೋ ಅವನೂ ಅಲ್ಲೇ. ಫೋನ್ ಮಾಡೋಣವೆಂದರೆ ಫೋನು ಮೂತಿಗೆ ಕಟ್ಟಿದೆ. ಭುಜ ಹಿಡಿದು ಅಲ್ಲಾಡಿಸಬೇಕು.

"ಲೇ ದೆಲ್ಚೊ, ಭೂಮಿ ಮೇಲಿದ್ದೀಯೇನೋ?" ಎಂದು ನಾನು ಕೂಗುತ್ತಿದ್ದೆ.

"ತಡಿ ಗಿನ್ಕಾ, ಈಗ ಪೈನ್ ಮರಗಳ ಮೇಲಿದ್ದೀನಿ. ಗಾಳಿ ಜಾಸ್ತಿ ಇದೆ."

ಬೆಂಚಿನ ಮೇಲೆ ಗಾಳಿಯ ಸುಳಿವೂ ಇರುತ್ತಿರಲಿಲ್ಲ. ಆದರೂ ಕೋಟಿನ ಕಾಲರ್ ಎಳೆದುಕೊಳ್ಳುತ್ತಿದ್ದ ಪುಣ್ಯಾತ್ಮ.

ಅವನು ಮೊದಲಿನಿಂದಲೂ ಹಾಗೆಯೇ. ನಮ್ಮ ಬೆಟ್ಟದೂರು ಸ್ಲಿವೊದೋಲ್‌ನಲ್ಲಿ ಸೀಸದ ಗಣಿ ನಡೆಯುತ್ತಿದ್ದಾಗ ಅದಿರಿನ ತೊಟ್ಟಿಗಳು ತಂತಿಯ ಮೇಲೆ ತೂಗಾಡುತ್ತ ಕಣಿವೆ ದಾಟುತ್ತಿದ್ದವು. ಮೇಲಿನ ಗೋಪುರದ ಗೂಡಿನಲ್ಲಿ ಕೂತು ಆ ತಂತಿಯನ್ನು ಕಾಯುವ ಕೆಲಸ ದೆಲ್ಚೊನದು. ಊರನ್ನು ಮೇಲಿನಿಂದ ನೋಡಿ ನೋಡಿ ಅಭ್ಯಾಸವಾದವನಿಗೆ ಕೆಳಗಿಳಿದು ಒಬ್ಬರ ಮುಖ ನೋಡಿ ಮಾತಾಡುವುದು ಬರಲಿಲ್ಲ. ಮದುವೆಯಾಗಲಿಲ್ಲ. ಗಣಿ ಮುಚ್ಚುವ ವರ್ಷ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡ. ಆಮೇಲೆ ಅವನ ಲೋಕ ಮನೆಯಿಂದ ನನ್ನ ಬೆಂಚಿನವರೆಗೆ ಮಾತ್ರ ಉಳಿಯಿತು. ಮದುವೆಗಳ ವೀಡಿಯೊ ತೆಗೆಯುತ್ತಿದ್ದ ಪೇಟೆಯವನೊಬ್ಬ, ನಮ್ಮ ಕಡೆ ಮದುವೆಗಳೇ ನಡೆಯುತ್ತಿಲ್ಲವೆಂದು ಕಸುಬು ಬಿಟ್ಟಾಗ, ಡ್ರೋನನ್ನೂ ಈ ಡಬ್ಬವನ್ನೂ ದೆಲ್ಚೊಗೆ ದಾಟಿಸಿ ಹೋದ. ಅಂದಿನಿಂದ ಅವನಿಗೆ ಗೋಪುರ ವಾಪಸು ಸಿಕ್ಕಿದಂತಾಯಿತು.

ಮಳೆ ಬಂದ ದಿನ ಹಾರಿಸುವ ಹಾಗಿಲ್ಲವಲ್ಲ, ಆಗಲೂ ಡಬ್ಬ ಬಿಚ್ಚುತ್ತಿರಲಿಲ್ಲ. ಡ್ರೋನಿನೊಳಗಿನ ಮೆಮೊರಿ ಚಿಪ್‌ನಲ್ಲಿ ಹಳೆಯ ಹಾರಾಟಗಳೆಲ್ಲ ದಾಖಲಾಗಿರುತ್ತವೆ. ಅವನ್ನು ಮೊಬೈಲಿಗೆ ಇಳಿಸಿಕೊಂಡು ಮತ್ತೆ ನೋಡುವುದು. ಹಾರುವಾಗ ಕಾಣುವ ಚಿತ್ರ ಮಸುಕು, ಚಿಪ್‌ನದು ಕನ್ನಡಿಯ ಹಾಗೆ ಸ್ಪಷ್ಟ ಎನ್ನುತ್ತಿದ್ದ. ನನ್ನ ಅಂಗಡಿಯೊಳಗೆ ಒಲೆಯ ಪಕ್ಕ ಕೂತು ಹೋದ ವಾರದ ಬಿಸಿಲು ನೋಡುವ ಗಿರಾಕಿ ಅವನೊಬ್ಬನೇ.

ಇನ್ನೊಂದು ವಿಚಿತ್ರವಿತ್ತು. ಡಬ್ಬ ಕಟ್ಟಿಕೊಂಡವನು ತಲೆ ಎಡಕ್ಕೆ ತಿರುಗಿಸಿದರೆ ಡ್ರೋನೂ ಆಕಾಶದಲ್ಲಿ ಎಡಕ್ಕೆ ತಿರುಗುತ್ತದೆ, ಬಲಕ್ಕೆ ಅಂದರೆ ಬಲಕ್ಕೆ. ಬೇರೆ ದೇಶದವರಿಗೆ ಇದರಿಂದ ತೊಂದರೆಯಿಲ್ಲವೇನೋ. ನಮ್ಮಲ್ಲಿ ಹೌದು ಎನ್ನಲು ತಲೆಯನ್ನು ಅಡ್ಡ ಆಡಿಸುತ್ತೇವೆ, ಇಲ್ಲ ಎನ್ನಲು ಮೇಲೆ ಕೆಳಗೆ. ದೆಲ್ಚೊ ಬಾಯಿ ತೆರೆಯುವುದೇ ಅಪರೂಪ, ಎಲ್ಲಕ್ಕೂ ತಲೆಯಲ್ಲೇ ಉತ್ತರ. "ಕಾಫಿ ಕುಡಿತೀಯಾ?" ಎಂದು ನಾನು ಕೇಳಿದರೆ ಇಲ್ಲಿ ಅವನ ತಲೆ ಅಡ್ಡ ಆಡುತ್ತಿತ್ತು, ಅಲ್ಲಿ ಕಣಿವೆಯ ಮೇಲೆ ಡ್ರೋನ್ ಅಡ್ಡ ಆಡುತ್ತಿತ್ತು. ಇಡೀ ಕಣಿವೆಗೆ ಗೊತ್ತಾಗುವ ಹಾಗೆ ನನ್ನ ಕಾಫಿಗೆ ಹೌದು ಎನ್ನುವವನನ್ನು ನೋಡಿ ನಗು ಬರುತ್ತಿತ್ತು. ಒಳಗೊಳಗೆ ಹೆಮ್ಮೆಯೂ ಆಗುತ್ತಿತ್ತು, ಸುಳ್ಳೇಕೆ ಹೇಳಲಿ.

ಕಣಿವೆಯಾಚೆ, ಮೇಲಿನ ಮೊಹಲ್ಲದಲ್ಲಿ ಈಗ ಉಳಿದಿರುವುದು ಒಂದೇ ಜೀವ, ಕೆರಾ. ರಸ್ತೆ ಕೊಚ್ಚಿಹೋಗಿದೆ, ಫೋನಿನ ತಂತಿ ಯಾರೋ ಕದ್ದಿದ್ದಾರೆ, ಮೊಬೈಲಿಗೆ ಸಿಗ್ನಲ್ ಇಲ್ಲ. ಗಣಿಯ ಕಾಲದಲ್ಲಿ ಅವಳು ಕೆಳಗಿನ ನಿಲ್ದಾಣದಲ್ಲಿ ತೊಟ್ಟಿಗಳಿಗೆ ಅದಿರು ತುಂಬುತ್ತಿದ್ದಳು. ಒಂದು ದಿನ ಅದಿರಿನ ಮೇಲೆ ಮಾಗಿದ ಪೇರ್ ಹಣ್ಣೊಂದನ್ನು ಇಟ್ಟು ದೆಲ್ಚೊನ ಗೋಪುರಕ್ಕೆ ಕಳಿಸಿದಳು. ಇವನೇನು ಮಾಡಿದ? ತಿಂದ. ಅಷ್ಟೇ. ಕೆರಾ ಒಂದು ವರ್ಷ ಕಾದು ಮೇಲಿನ ಮೊಹಲ್ಲದ ಕಲ್ಲುಕುಟಿಗನನ್ನು ಮದುವೆಯಾದಳು. ಅವನೂ ತೀರಿಕೊಂಡ.

ಡ್ರೋನ್ ಮೊದಲ ಸಲ ಅವಳ ಅಂಗಳಕ್ಕೆ ಹೋದಾಗ ಪೊರಕೆ ಎಸೆದಳಂತೆ. ಎರಡನೆಯ ಸಲ ಬೈದಳಂತೆ. ಆಮೇಲಾಮೇಲೆ ಅಂಗಳದಲ್ಲಿ ಎರಡು ಕುರ್ಚಿ ಹಾಕತೊಡಗಿದಳು. ಒಂದರಲ್ಲಿ ತಾನು ಕೂತು, ಇನ್ನೊಂದರ ಮೇಲೆ ನಿಂತಂತೆ ತೇಲುವ ಯಂತ್ರಕ್ಕೆ ಏನೇನೋ ಹೇಳುತ್ತಿದ್ದಳು. ಇವನಿಗೆ ಅವಳ ಬಾಯಿ ಆಡುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ.

"ಏನಂತಾಳೋ ಅವಳು?" ಎಂದು ಕೇಳಿದರೆ, "ಗೊತ್ತಿಲ್ಲ. ಆದ್ರೆ ತುಂಬ ಮಾತಾಡ್ತಾಳೆ" ಎನ್ನುತ್ತಿದ್ದ.

"ನಾನೂ ತುಂಬ ಮಾತಾಡ್ತೀನಿ."

"ನಿಂದು ಕೇಳಿಸುತ್ತಲ್ಲ" ಎನ್ನುತ್ತಿದ್ದ. ಅದು ದೂರೋ ಹೊಗಳಿಕೆಯೋ ಇವತ್ತಿಗೂ ಗೊತ್ತಾಗಿಲ್ಲ.

ಈಗ ನನ್ನ ವಿಷಯ. ನನ್ನ ಗಂಡ ಸ್ತಾಮೆನ್ ಹೋದ ಮೇಲೆ ಕ್ರಿಸ್‌ಮಸ್ಸಿನ ಹಿಂದಿನ ಸಂಜೆಯ ಊಟಕ್ಕೆ ನಾನು ಒಬ್ಬಳೇ ಕೂರುತ್ತಿದ್ದೆ. ಆ ಸಂಜೆ ಮಾಂಸವಿಲ್ಲ, ಹಾಲು ಬೆಣ್ಣೆಯಿಲ್ಲ, ಬಗೆಗಳು ಮಾತ್ರ ಬೆಸ ಸಂಖ್ಯೆಯಲ್ಲೇ ಇರಬೇಕು. ಊಟ ಮುಗಿಯುವವರೆಗೆ ಯಾರೂ ಏಳಬಾರದು. ರಾತ್ರಿ ಮೇಜು ತೆಗೆಯಬಾರದು, ಸತ್ತವರು ಬಂದು ಉಣ್ಣುತ್ತಾರೆ. ಬದುಕಿರುವವರು ಯಾರೂ ಇಲ್ಲದೆ ಸತ್ತವರಿಗಾಗಿ ಒಂಬತ್ತು ಬಗೆ ಮಾಡುವುದು ಎಂಥ ಕಷ್ಟವೆಂದು ಮಾಡಿದವರಿಗೇ ಗೊತ್ತು. ಈ ಸಲ ನನಗೆ ಅದು ಸಾಕಾಗಿತ್ತು.

ಹಬ್ಬಕ್ಕೆ ಎರಡು ದಿನ ಇರುವಾಗ ಒಳ್ಳೆಯ ಬಿಸಿಲು ಬಿತ್ತು. ದೆಲ್ಚೊ ಬೆಂಚಿನ ಮೇಲೆ ಹಾರುತ್ತಿದ್ದ. ನಾನು ಕಾಫಿ ಲೋಟ ಹಿಡಿದು ಪಕ್ಕದಲ್ಲಿ ನಿಂತೆ. ಅವನ ಕಣ್ಣು ಮುಚ್ಚಿರುವಾಗ ಕೇಳುವುದೇ ಸುಲಭ ಎನಿಸಿತು.

"ದೆಲ್ಚೊ, ಹಬ್ಬದ ಸಂಜೆ ಊಟಕ್ಕೆ ನಮ್ಮನೆಗೆ ಬರ್ತೀಯಾ?"

ಅವನು ಬಾಯಿ ಮುಚ್ಚಿದ. ಆಮೇಲೆ ತಲೆಯನ್ನು ಅಡ್ಡ ಆಡಿಸಿದ, ಒಮ್ಮೆಯಲ್ಲ, ಚೆನ್ನಾಗಿ, ಎಡಕ್ಕೆ ಬಲಕ್ಕೆ.

ನನಗಾದ ಸಂತೋಷವನ್ನು ಹೇಗೆ ಹೇಳಲಿ. ಡ್ರೋನ್ ಇಳಿಯುವವರೆಗೆ ಅಲ್ಲೇ ನಿಂತಿದ್ದು, ಒಳಗೆ ಹೋಗಿ ಅವತ್ತೇ ಬೀನ್ಸ್ ಕಾಳು ನೆನೆಹಾಕಿದೆ, ಎರಡು ದಿನ ಮುಂಚೆಯೇ, ಹುಚ್ಚಿಯ ಹಾಗೆ. ಆಮೇಲೆ ನಾಚಿಕೆಯಾಗಿ ನೀರು ಬಸಿದಿಟ್ಟೆ.

ಮಾರನೆಯ ದಿನ ಪೂರ್ತಿ ಮಂಜು. ಹಬ್ಬದ ದಿನ ಮಧ್ಯಾಹ್ನ ದೆಲ್ಚೊ ಊರುಗೋಲು ಊರುತ್ತ ಅಂಗಡಿಗೆ ಬಂದ. ಡಬ್ಬ ಕಂಕುಳಲ್ಲಿತ್ತು. ಮುಖ ಸುಣ್ಣದ ಹಾಗೆ ಬಿಳಿಚಿತ್ತು.

"ಗಿನ್ಕಾ, ಒಂದು ಎಡವಟ್ಟಾಗಿದೆ."

"ಸೊಂಟನಾ?"

"ಅಲ್ಲ. ಮೊನ್ನೇದು ಈಗ ನೋಡ್ದೆ. ನೀನು ಊಟಕ್ಕೆ ಕರೆದಾಗ ನಾನು ಕೆರಾ ಅಂಗಳದಲ್ಲಿದ್ದೆ. ಅವಳೂ ಕರೀತಿದ್ಲು. ನಂಗೆ ಸರಿಯಾಗಿ ಕಾಣ್ಲಿಲ್ಲ, ತಟ್ಟೆ ಒರೆಸ್ತಿದ್ದಾಳೆ ಅಂದ್ಕೊಂಡೆ. ನಾನು ನಿಂಗೆ ಹೌದು ಅಂದೆ. ಅವಳು ತನಗೆ ಅಂದ್ಕೊಂಡಿದ್ದಾಳೆ."

ನನಗೆ ತಟ್ಟನೆ ಸಿಟ್ಟು ಬಂತು. ಅವನ ಮೇಲೋ, ಕೆರಾಳ ಮೇಲೋ, ಆ ಡಬ್ಬದ ಮೇಲೋ. "ಅದಕ್ಕೇನು ಮಹಾ? ಈಗ ಹಾರಿಸು. ಹೋಗಿ ಇಲ್ಲ ಅಂದು ಬಾ. ನಾನೂ ನೋಡ್ತೀನಿ" ಎಂದೆ.

ಅವನು ಹೊರಗೆ ಹೋಗಿ ಡಬ್ಬ ಕಟ್ಟಿಕೊಂಡ. ಡ್ರೋನನ್ನು ಮೊದಲು ನನ್ನೆದುರಿಗೇ, ಚೆರ್ರಿ ಮರದ ಎತ್ತರಕ್ಕೆ ಏರಿಸಿ ನಿಲ್ಲಿಸಿದ. ಆಮೇಲೆ ತಲೆಯನ್ನು ಮೇಲೆ ಕೆಳಗೆ ಆಡಿಸಿದ.

ಡ್ರೋನ್ ಅಲುಗಲಿಲ್ಲ. ಹೊಟ್ಟೆಯ ಕೆಳಗಿನ ಬಟಾಣಿಯಷ್ಟು ಕ್ಯಾಮೆರಾ ಕಣ್ಣು ಮಾತ್ರ ಮೇಲೆ ಕೆಳಗೆ ಹೊರಳಿತಂತೆ. ಹತ್ತಿರದಲ್ಲಿ ನಿಂತ ನನಗೇ ಅದು ಕಾಣಲಿಲ್ಲ.

"ಇನ್ನೂ ಜೋರಾಗಿ ಆಡಿಸೋ!"

ಕತ್ತು ಮುರಿಯುವ ಹಾಗೆ ಆಡಿಸಿದ. ಯಂತ್ರ ಸುಮ್ಮನೆ ಗುಂಯ್ ಎನ್ನುತ್ತ ನಿಂತಿತ್ತು.

"ಏರಿಸಿ ಇಳಿಸಿದ್ರೆ ಗಾಳಿಗೆ ತೂಗ್ತಿದೆ ಅಂದ್ಕೋತಾಳೆ. ಇದಕ್ಕೆ ಹೌದು ಅನ್ನೋಕಷ್ಟೇ ಬರೋದು ಗಿನ್ಕಾ" ಎಂದ ದೆಲ್ಚೊ, ಅದನ್ನು ಇಳಿಸುತ್ತ.

ಒಳಗೆ ಬಂದು, ಮೊನ್ನೆಯ ವೀಡಿಯೊ ಹಾಕಿ, ಡಬ್ಬವನ್ನು ನನ್ನ ಮುಖಕ್ಕೆ ಹಿಡಿದ. ಅಲ್ಲಿಯವರೆಗೆ ನಾನು ಅದನ್ನು ಹಾಕಿಕೊಂಡವಳಲ್ಲ. ಒಂದು ಕ್ಷಣ ಕತ್ತಲೆ, ಆಮೇಲೆ ನಾನು ಕೆರಾಳ ಅಂಗಳದಲ್ಲಿದ್ದೆ. ಎದುರಿಗೇ ಅವಳು, ಕೈಗೆ ಸಿಗುವಷ್ಟು ಹತ್ತಿರ. ಎಷ್ಟು ಮುದುಕಿಯಾಗಿದ್ದಾಳೆ! ಬೆರಳಲ್ಲಿ ನೆಲ ತೋರಿಸಿದಳು, ಇಲ್ಲಿ ಎಂದು. ಎರಡು ತಟ್ಟೆ ಎತ್ತಿ ಹಿಡಿದಳು. ಕುರ್ಚಿಯನ್ನು ತಟ್ಟಿದಳು. ಆಮೇಲೆ ಸೆರಗಿನಂಥ ತಲೆವಸ್ತ್ರದ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಕಾದಳು. ಅಷ್ಟರಲ್ಲಿ ಅಂಗಳವೆಲ್ಲ ಎಡಕ್ಕೆ ಬಲಕ್ಕೆ ತೂಗಿತು. ಮತ್ತೆ ಸ್ಥಿರವಾದಾಗ ಕೆರಾ ನಗುತ್ತಿದ್ದಳು. ತಟ್ಟೆಗಳನ್ನು ಎದೆಗೆ ಅವುಚಿಕೊಂಡು ಹುಡುಗಿಯ ಹಾಗೆ ಮನೆಯೊಳಗೆ ಓಡಿದಳು.

ನಾನು ಡಬ್ಬ ತೆಗೆದೆ.

"ಅವಳು ಕಾದು ಕೂತಿರ್ತಾಳೆ, ಉಣ್ಣಲ್ಲ" ಎಂದ ಅವನು. "ನಿಂಗೂ ಮಾತು ಕೊಟ್ಟಿದ್ದೀನಿ. ಏನ್ ಮಾಡ್ಲಿ ಹೇಳು."

ನನ್ನ ಹತ್ತಿರವೇ ಇರು ಎನ್ನಬಹುದಿತ್ತು. ಅವನು ಇರುತ್ತಿದ್ದ, ಅವನ ಸ್ವಭಾವ ನನಗೆ ಗೊತ್ತು. ಕರೆಯುವವರ ಕಡೆಗೆ ಎದ್ದುಹೋಗುವವನಲ್ಲ, ಕೂತಲ್ಲೇ ಉಳಿಯುವವನು ಅವನು. ಆದರೆ ಕೆರಾಳ ಆ ಮುಖ ನೋಡಿದ ಮೇಲೆ ಹಾಗೆನ್ನಲು ಬಾಯಿ ಬರಲಿಲ್ಲ.

"ಅವಳು ಕಳಿಸಿದ ಪೇರ್ ಹಣ್ಣು ತಿಂದು ಸುಮ್ನಿದ್ಯಲ್ಲ, ಅದೇ ಸಾಕು ಈ ಜನ್ಮಕ್ಕೆ" ಎಂದೆ. "ಹೊರಡು."

ಕಾಡಿನಿಂದ ಮರದ ದಿಮ್ಮಿ ಇಳಿಸುವ ರಮೀಸ್ ಆಗಷ್ಟೇ ಸಿಗರೇಟಿಗೆ ಬಂದಿದ್ದ. ಅವನಿಗೆ ನಮ್ಮ ಹಬ್ಬವಿಲ್ಲ, ಅವನ ಹೇಸರಗತ್ತೆಗೆ ಮಂಜಿನ ಭಯವಿಲ್ಲ.

"ಇವನನ್ನ ಮೇಲಿನ ಮೊಹಲ್ಲಕ್ಕೆ ಮುಟ್ಟಿಸು" ಎಂದೆ.

"ದಿಮ್ಮಿಗಿಂತ ಹಗುರ ಇದ್ದಾನೆ ಬಿಡಕ್ಕ" ಎಂದ ರಮೀಸ್. "ಬೀಳದ ಹಾಗೆ ಕಟ್ಟಿ ಹಾಕಲಾ?"

ನಾನು ಊಟದ ಗಂಟು ಕಟ್ಟಿದೆ. ಒಂದು ಬಗೆ ಕೊಟ್ಟರೆ ನನ್ನ ಮೇಜಿನಲ್ಲಿ ಎಂಟು ಉಳಿದು ಸಮ ಆಗಿಬಿಡುತ್ತದೆ. ಹಾಗಾಗಿ ಎರಡು ಕೊಟ್ಟೆ, ಅಕ್ಕಿ ತುಂಬಿದ ಕೋಸಿನ ಸುರುಳಿ ಮತ್ತು ಕುಂಬಳದ ಸಿಹಿ. ಈಗ ನನ್ನಲ್ಲೂ ಬೆಸ, ಕೆರಾಳಲ್ಲೂ ಬೆಸ.

ದೆಲ್ಚೊ ಹೇಸರಗತ್ತೆಯ ಮೇಲಿನಿಂದ ನನ್ನ ಕಡೆ ನೋಡಿದ. ಡಬ್ಬವಿಲ್ಲದ ಅವನ ಕಣ್ಣನ್ನು ಹೊರಗಿನ ಬೆಳಕಲ್ಲಿ ನೋಡಿ ಎಷ್ಟೋ ಕಾಲವಾಗಿತ್ತು.

"ನೀನೂ ಬಾ ಗಿನ್ಕಾ."

ನನ್ನನ್ನು ಕೆರಾ ಕರೆದಿರಲಿಲ್ಲ. ಒಂದು ಪ್ರಾಣಿ ಇಬ್ಬರನ್ನು ಹೊರುವುದೂ ಇಲ್ಲ. "ಸ್ತಾಮೆನ್ ಬರ್ತಾನೆ ಉಣ್ಣೋಕೆ, ಬಾಗಿಲು ಯಾರು ತೆಗೀತಾರೆ?" ಎಂದು ತಲೆಯನ್ನು ಮೇಲೆ ಕೆಳಗೆ ಆಡಿಸಿದೆ.

"ಹಾಗಾದ್ರೆ ಇದು ಇಲ್ಲೇ ಇರ್ಲಿ. ಅಲ್ಲಿ ಸಿಗ್ನಲ್ ಇಲ್ಲ, ಮೊಬೈಲೂ ಬೇಡ. ಬೇಜಾರಾದ್ರೆ ನೋಡು" ಎಂದು ಡಬ್ಬವನ್ನು ನನ್ನ ಕೈಗಿಟ್ಟ. ಹೇಸರಗತ್ತೆ ಚರ್ಚಿನ ಹಿಂದಿನ ದಾರಿ ಹಿಡಿಯಿತು. ಮಂಜಿನಲ್ಲಿ ರಮೀಸನ ಬೈಗುಳ ಸ್ವಲ್ಪ ಹೊತ್ತು ಕೇಳಿಸುತ್ತಿತ್ತು.

ಸಂಜೆ ಮೇಜಿಗೆ ಏಳು ಬಗೆ ಇಟ್ಟು, ಮೇಣದಬತ್ತಿ ಹಚ್ಚಿ, ರೊಟ್ಟಿ ಮುರಿದೆ. ದೇವರಿಗೊಂದು ತುಂಡು, ಮನೆಗೊಂದು, ಸ್ತಾಮೆನ್‌ಗೊಂದು, ನನಗೊಂದು. ದೆಲ್ಚೊಗೆಂದು ಇಟ್ಟ ತಟ್ಟೆಯನ್ನು ತೆಗೆಯಲು ಏಳುವ ಹಾಗಿರಲಿಲ್ಲ. ಅದರ ಪಕ್ಕದಲ್ಲೇ ಡಬ್ಬ ಇತ್ತು. ಕೂತಲ್ಲಿಂದಲೇ ಕೈ ಚಾಚಿ ತೆಗೆದುಕೊಂಡು ಕಟ್ಟಿಕೊಂಡೆ.

ವೀಡಿಯೊ ನಾನು ಬಿಟ್ಟ ಜಾಗದಿಂದ ಮುಂದುವರಿಯಿತು. ಕೆರಾ ಒಳಗೆ ಓಡಿದ ಮೇಲೆ ಡ್ರೋನ್ ಹಿಂದಿರುಗಿತ್ತು. ಕಣಿವೆ, ತುಕ್ಕು ಹಿಡಿದ ಗೋಪುರ, ಪೈನ್ ಮರಗಳು, ನನ್ನ ಅಂಗಡಿಯ ಮಾಡು. ನಿಧಾನವಾಗಿ ಕೆಳಗಿಳಿಯಿತು. ಬೆಂಚಿನ ಮೇಲೆ ಡಬ್ಬ ಕಟ್ಟಿಕೊಂಡ ಗಂಡಸು, ಪಕ್ಕದಲ್ಲಿ ಕೆಂಪು ಸ್ವೆಟರಿನ ಕುಳ್ಳ ಹೆಂಗಸು, ಕೈಯಲ್ಲಿ ಕಾಫಿ ಲೋಟ. ಅವಳು ಡ್ರೋನಿನ ಕಡೆ ನೋಡುತ್ತಲೇ ಇರಲಿಲ್ಲ. ಅವನನ್ನೇ ನೋಡುತ್ತ ನಗುತ್ತಿದ್ದಳು. ನಾನು ಹಾಗೆ ನಗುತ್ತೇನೆಂದು ನನಗೆ ಗೊತ್ತಿರಲಿಲ್ಲ. ತಟ್ಟೆ ಅವುಚಿಕೊಂಡು ಓಡಿದ ಕೆರಾಳ ನಗುವೇ ಅದು, ಒಂದಿಷ್ಟೂ ಬೇರೆಯಲ್ಲ.

"ಬರಲ್ಲ ಕಣೇ ಅವನು" ಎಂದು ಆ ಕೆಂಪು ಸ್ವೆಟರಿನವಳಿಗೆ ಹೇಳಿದೆ. ತಲೆಯನ್ನು ಮೇಲೆ ಕೆಳಗೆ ಆಡಿಸಿಯೂ ಹೇಳಿದೆ. ಅವಳಿಗೆ ಗೊತ್ತಾಗಲಿಲ್ಲ. ಲೋಟ ಹಿಡಿದುಕೊಂಡು ನಗುತ್ತಲೇ ಇದ್ದಳು.