ಮುಟ್ಟು ನಿಂತ ಮೇಲೆ ಬಂದ ವೈರಾಗ್ಯ

ಹಸಿವಾಗುತ್ತಿಲ್ಲ ಎಂದು ಯಾರಿಗೆ ಬೇಕಾದರೂ ಹೇಳಬಹುದು. ನಿದ್ದೆ ಬರುತ್ತಿಲ್ಲ ಎಂದರೆ ಬಸ್ಸಿನಲ್ಲಿ ಪಕ್ಕ ಕೂತವರೂ ಔಷಧ ಹೇಳುತ್ತಾರೆ. ಗಂಡನ ಮೇಲೆ ಆಸೆಯೇ ಹುಟ್ಟುತ್ತಿಲ್ಲ ಎಂದು ಹೇಳಿಕೊಳ್ಳಲು ಮಾತ್ರ, ಜನ್ಮವಿಡೀ ಕನ್ನಡ ಪಾಠ ಮಾಡಿದ ನನಗೆ, ಮರ್ಯಾದೆಯ ಒಂದು ವಾಕ್ಯ ಸಿಗಲಿಲ್ಲ. ವೈರಾಗ್ಯ ಎನ್ನೋಣವೆಂದರೆ ಅದು ಸಾಧಕರು ಕಷ್ಟಪಟ್ಟು ಗಳಿಸುವಂಥದ್ದು. ನನ್ನದು ಮುಟ್ಟು ನಿಂತ ಮೇಲೆ ತಾನಾಗಿ ಬಂದು ಕೂತದ್ದು.

ನನ್ನ ಯಜಮಾನರು ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದು ನಿವೃತ್ತರಾದವರು, ಸಕ್ಕರೆ ಕಾಯಿಲೆಯವರು, ಜಗಳ ಗೊತ್ತಿಲ್ಲದವರು. ಅವರು ಏನೂ ಕೇಳುತ್ತಿರಲಿಲ್ಲ. ಕೇಳದಿರುವುದೇ ನನ್ನನ್ನು ಕೊರೆಯುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ನನ್ನೊಳಗಿದ್ದ ಯಾರೋ ಒಬ್ಬಳು ಹೇಳದೆ ಕೇಳದೆ ಹೊರಟುಹೋದಳು ಅನ್ನಿಸುತ್ತಿತ್ತು. ಅವಳಿಗಾಗಿ ಅಳುವುದಕ್ಕೂ ನಾಚಿಕೆ.

ನಮ್ಮ ಮನೆ ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿ. ಇಲ್ಲಿನ ಯಾವ ಆಸ್ಪತ್ರೆಗೆ ಹೋದರೂ ಹಳೆಯ ವಿದ್ಯಾರ್ಥಿನಿಯರು ಎದುರಾಗುತ್ತಾರೆ. ಹಾಗಾಗಿ ಭದ್ರಾವತಿಯವರೆಲ್ಲ ದೊಡ್ಡ ಡಾಕ್ಟರನ್ನು ಹುಡುಕಿಕೊಂಡು ಇತ್ತ ಬರುವಾಗ ನಾನು ಅತ್ತ ಹೋಗುವ ಬಸ್ಸು ಹತ್ತಿದೆ. ಅಲ್ಲಿನ ಲೇಡಿ ಡಾಕ್ಟರು ಎಲ್ಲ ಕೇಳಿಸಿಕೊಂಡು, "ಇದು ನಿಮಗೆ ಬೇಜಾರಾ ಅಮ್ಮ, ಯಜಮಾನ್ರಿಗಾ?" ಎಂದರು.

"ನಂಗೇ" ಎಂದೆ. ಅದು ನನ್ನ ನಷ್ಟವೂ ಆಗಿರಬಹುದೆಂದು ಬೇರೊಬ್ಬರಿಗೆ ಹೊಳೆದದ್ದು ಅದೇ ಮೊದಲು.

ನಿದ್ದೆ, ಮನಸ್ಸು, ನೋವು, ತೆಗೆದುಕೊಳ್ಳುವ ಮಾತ್ರೆ ಎಲ್ಲ ವಿಚಾರಿಸಿ, ರಕ್ತ ಪರೀಕ್ಷೆ ಮಾಡಿಸಿ, ಕೊನೆಗೆ ಅವರು ಟೆಸ್ಟೋಸ್ಟೆರಾನ್ ಜೆಲ್ ಬರೆದರು. ಗಂಡಸರ ಹಾರ್ಮೋನು ಎನ್ನುತ್ತಾರಾದರೂ ಅದು ಹೆಂಗಸರ ಮೈಯಲ್ಲೂ ಇರುತ್ತದಂತೆ.

"ಹೆಂಗಸರಿಗೆ ಅಂತ ಬೇರೆ ಸಿಗಲ್ಲ. ಗಂಡಸರದ್ದೇ, ನಿಮಗೆ ಚೂರೇ ಚೂರು. ಜಾಸ್ತಿ ಹಚ್ಚಿದ್ರೆ ಮುಖದಲ್ಲಿ ಕೂದಲು ಬರುತ್ತೆ. ಆಗಾಗ ರಕ್ತ ಪರೀಕ್ಷೆ ಮಾಡಿಸ್ಬೇಕು. ಕೆಲವರಿಗೆ ಗುಣ ಕಾಣುತ್ತೆ, ಕೆಲವರಿಗಿಲ್ಲ. ಆರು ತಿಂಗಳಲ್ಲಿ ಏನೂ ಆಗ್ಲಿಲ್ಲ ಅಂದ್ರೆ ನಿಲ್ಲಿಸಿಬಿಡೋಣ."

ಮೆಡಿಕಲ್ ಶಾಪಿನವರು ಮರುಕದಿಂದ, "ಯಜಮಾನ್ರಿಗಾ ಮೇಡಂ?" ಎಂದರು. ನಾನು ಹೌದೆಂದು ತಲೆಯಾಡಿಸಿ, ಆ ಪಾಪದ ಮನುಷ್ಯನ ಮಾನವನ್ನು ಅಂಗಡಿಯಲ್ಲೇ ಬಿಟ್ಟು ಬಂದೆ.

ದಿನಾ ಕನ್ನಡಿಯಲ್ಲಿ ಮೇಲ್ದುಟಿ ನೋಡಿಕೊಂಡದ್ದಷ್ಟೇ ಮೊದಮೊದಲ ಫಲ. ಆಮೇಲೊಂದು ಮಧ್ಯಾಹ್ನ ಯಜಮಾನರು ಬನಿಯನ್ನಿನಲ್ಲಿ ಕೂತು ಟೇಬಲ್ ಫ್ಯಾನು ಬಿಚ್ಚಿ ರಿಪೇರಿ ಮಾಡುತ್ತಿದ್ದಾಗ ಅವರ ಬೆನ್ನು ನೋಡುತ್ತ ನಿಂತುಬಿಟ್ಟೆ. ದೊಡ್ಡದೇನಲ್ಲ, ಮುಟ್ಟಬೇಕು ಅನ್ನಿಸಿತು. ಹೋಗಿ ಮುಟ್ಟಿದೆ. ಅವರು ಬೆಚ್ಚಿದರು. ಸಂತೋಷಕ್ಕೆ ಬೆಚ್ಚಿದ್ದಲ್ಲ ಅದು.

ಜೆಲ್ಲಿನ ವಿಷಯ ಹೇಳಿದೆ. ಅವರು ಸ್ಕ್ರೂಡ್ರೈವರ್ ಕೆಳಗಿಟ್ಟರು.

"ನಿಂಗೇ ಬೇಡವಾಗಿದೆ ಅಂತ ನಾನು ನೆಮ್ಮದಿಯಾಗಿದ್ದೆ ಮಾರಾಯ್ತಿ. ಶುಗರ್ ಬಂದ್ಮೇಲೆ ನನ್ನ ಕೈಲಿ ಆಗ್ತಾ ಇಲ್ಲ. ನೀನು ಕೇಳದೇ ಇದ್ರೆ ಸಾಕು ಅಂದ್ಕೊಂಡಿದ್ದೆ."

ಒಬ್ಬರಿಗೊಬ್ಬರು ತೊಂದರೆ ಕೊಡಬಾರದೆಂದು ಎಷ್ಟೋ ವರ್ಷ ಇಬ್ಬರೂ ಒಂದೊಂದು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೆವು. ನಗೋಣವೆಂದುಕೊಂಡೆ, ಆಗಲಿಲ್ಲ. ನನ್ನ ಆಸೆ ಮರಳುವ ಹೊತ್ತಿಗೆ ಅವರಲ್ಲಿ ಭಯ ಮನೆ ಮಾಡಿತ್ತು. ಅದಕ್ಕೆ ಹಚ್ಚುವ ಜೆಲ್ ಇಲ್ಲ.

ಮುಂದಿನ ಸಲ ಭದ್ರಾವತಿಗೆ ಇಬ್ಬರೂ ಹೋದೆವು. ಕ್ಲಿನಿಕ್ಕಿನ ರಿಸೆಪ್ಶನಿಸ್ಟು, "ಪೇಷೆಂಟ್ ಯಾರು?" ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಯಜಮಾನರು, ಕೂತ ಹೆಂಗಸರೆಲ್ಲ ತಲೆಯೆತ್ತುವಷ್ಟು ಗಟ್ಟಿಯಾಗಿ, "ಇಬ್ರೂ" ಎಂದರು.

ಇಷ್ಟು ವರ್ಷದ ದಾಂಪತ್ಯದಲ್ಲಿ ಅವರು ಇದಕ್ಕಿಂತ ಶೃಂಗಾರದ ಮಾತಾಡಿದ್ದು ನನಗೆ ನೆನಪಿಲ್ಲ.