ಸ್ಪ್ರಿಂಗ್ ಭದ್ರಮ್ಮನ ಕಿರೀಟ

ಪೆನ್ನಿನ ತಲೆ ಒತ್ತಿದರೆ ಟಕ್ ಎನ್ನುತ್ತದಲ್ಲ, ಆ ಸದ್ದಿನ ಹಿಂದೆ ಒಂದು ಸ್ಪ್ರಿಂಗ್ ಇರುತ್ತದೆ. ನಿಮ್ಮ ಮನೆಯ ಸ್ವಿಚ್ಚಿನೊಳಗೆ ಒಂದು, ಬಾಗಿಲ ಬೀಗದಲ್ಲಿ ಒಂದು, ಸ್ಕೂಟರಿನ ಬ್ರೇಕಿನಲ್ಲಿ ಇನ್ನೊಂದು. ಅವುಗಳಲ್ಲಿ ಎಷ್ಟೋ ನನ್ನ ಗೆಳತಿ ಭದ್ರಮ್ಮನ ಕೈ ದಾಟಿ ಬಂದವು. ಇದನ್ನು ಯಾರಿಗೆ ಹೇಳಿದರೂ ‘ಹೌದಾ’ ಎಂದು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು ಹೋಗುತ್ತಾರೆ. ಬಿಚ್ಚಿ ನೋಡಿದವರನ್ನು ನಾನಂತೂ ಕಂಡಿಲ್ಲ.

ಭದ್ರಿಯೂ ನಾನೂ ಲಗ್ಗೆರೆಯ ಶಾಲೆಯಲ್ಲಿ ಒಂದೇ ಮಣೆಯ ಮೇಲೆ ಕೂತವರು. ಇಬ್ಬರ ಅಪ್ಪಂದಿರಿಗೂ ಆಗ ಅಲ್ಲಿ ಹೊಲವಿತ್ತು. ನನ್ನನ್ನು ನಾಗಸಂದ್ರಕ್ಕೆ ಕೊಟ್ಟರು. ಮಾವನ ಅವರೆ ಹೊಲವಿದ್ದ ಕಡೆ ಬಾಡಿಗೆ ಮನೆಗಳು ಎದ್ದವು, ನಾನು ಓನರ್ ಆಂಟಿಯಾದೆ. ಬೆಳಗೆದ್ದು ನೀರಿನ ಮೋಟರಿನ ವಿಷಯಕ್ಕೆ ಎಲ್ಲ ಮಹಡಿಗಳಿಗೂ ಕೇಳುವಂತೆ ಕೂಗುವುದೇ ನನ್ನ ಉದ್ಯೋಗ. ಭದ್ರಿ ಮದುವೆಗೆ ಮುಂಚೆಯೇ ಪೀಣ್ಯದ ಒಂದು ಸ್ಪ್ರಿಂಗ್ ಕಾರ್ಖಾನೆ ಸೇರಿದವಳು ಇವತ್ತಿಗೂ ಅಲ್ಲೇ ಇದ್ದಾಳೆ. ಯಂತ್ರ ಸುತ್ತಿ ಉಗುಳಿದ ಸ್ಪ್ರಿಂಗನ್ನು ಎರಡು ಬೆರಳ ನಡುವೆ ಒತ್ತಿ ಬಿಡುತ್ತಾಳೆ; ಸೋಮಾರಿಯೋ ಚುರುಕೋ ಎಂದು ಬೆರಳಿಗೇ ತಿಳಿಯುತ್ತದೆ. ಸೋಮಾರಿಗಳು ಗುಜರಿ ಡಬ್ಬಕ್ಕೆ ಬೀಳುತ್ತವೆ. ಸಂಜೆ ಮನೆಗೆ ಬಂದು ಅದೇ ಬೆರಳಲ್ಲಿ ಮಲ್ಲಿಗೆ ಕಟ್ಟುತ್ತಾಳೆ. ಅವಳ ಬೀದಿಯಲ್ಲಿ ಯಾರ ಮದುವೆಯಾದರೂ ಹೆಣ್ಣಿನ ಹೂವಿನ ಜಡೆ ಅವಳದೇ. ಮಾತು ಬಲು ಕಡಿಮೆ. ಇಷ್ಟು ವರ್ಷ ನನ್ನ ಜೊತೆ ಸ್ನೇಹ ಉಳಿದಿರುವುದಕ್ಕೆ ಅದೇ ಕಾರಣವಿರಬೇಕು.

ತುಮಕೂರು ರಸ್ತೆಯ ಆಚೀಚೆಯ ಊರುಗಳಲ್ಲಿ ಗಂಡಸರಿಗೆ ನಾಟಕದ ಹುಚ್ಚು ಹಳೆಯದು. ಹೊಲ ಹೋಯಿತು, ಹುಚ್ಚು ಉಳಿಯಿತು. ಮುಖಕ್ಕೆ ಬಣ್ಣ, ತಲೆಗೆ ಕಿರೀಟ, ಹಾರ್ಮೋನಿಯಂ ಮೇಷ್ಟ್ರ ಜೊತೆ ತಿಂಗಳುಗಟ್ಟಲೆ ತಾಲೀಮು. ನಮಗೆ ಕೊಟ್ಟ ಪಾತ್ರವೆಂದರೆ ಟೀ ತಂದುಕೊಡುವುದು. ಹೋದ ವರ್ಷ ನನ್ನ ತಲೆ ಕೆಟ್ಟಿತು. ನಮ್ಮ ಬೀದಿಯ ಹೆಂಗಸರನ್ನೆಲ್ಲ ಸೇರಿಸಿ, ‘ಈ ಸಲ ನಾವ್ ಆಡೋಣ ಕಣ್ರೇ, ಅವ್ರು ಟೀ ಕಾಯಿಸ್ಲಿ’ ಎಂದೆ. ಹಾರ್ಮೋನಿಯಂ ಚನ್ನವೀರಪ್ಪ ಮೇಷ್ಟ್ರು ಒಪ್ಪಿದರು. ಮೇಷ್ಟ್ರೇ ಬರೆದ, ಗಂಡಸರು ಯಾರೂ ಮುಟ್ಟದ ಒಂದು ನಾಟಕ ಅವರ ಟ್ರಂಕಿನಲ್ಲಿ ಕೊಳೆಯುತ್ತಿತ್ತು. ಚಂಡರಾಯನೆಂಬ ದೊರೆಯ ಕಥೆ. ಭಯವೆಂದರೇನೆಂದೇ ಗೊತ್ತಿಲ್ಲವೆಂದು ಕೊಚ್ಚಿಕೊಳ್ಳುವ ದೊರೆ ಅವನು. ತಾಲೀಮು ನಡೆಯುವುದು ನಮ್ಮ ಮನೆಯ ಪಾರ್ಕಿಂಗಿನಲ್ಲಿ, ಆದ್ದರಿಂದ ಚಂಡರಾಯ ನಾನೇ ಎಂದು ಬೇರೆ ಹೇಳಬೇಕಿಲ್ಲ.

ಭದ್ರಿಗೆ ಸೇನಾಪತಿಯ ಪಾತ್ರ ಕೊಡಲು ಹೋದೆ. ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಸ್ಟೇಜ್ ಎಂದರೆ ಅವಳಿಗೆ ಕೈಕಾಲು ತಣ್ಣಗಾಗುತ್ತದೆ. ಆದರೂ ಭಾನುವಾರ ಭಾನುವಾರ ಬಂದು, ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದಳು.

ತಕರಾರು ಶುರುವಾದದ್ದು ಕಿರೀಟದಿಂದ. ಬಾಡಿಗೆಗೆ ತಂದ ಕಿರೀಟಗಳೆಲ್ಲ ಗಂಡಸರ ತಲೆಯ ಅಳತೆಯವು. ನನ್ನ ತಲೆಗೆ ಇಟ್ಟರೆ ಮೂಗಿನವರೆಗೆ ಇಳಿಯಿತು. ತುರುಬಿಗೆ ತಾಗಿ ಹಿಂದಕ್ಕೆ ವಾಲಿತು. ಯಾರ ಯಾರದೋ ಬೆವರು, ಯಾರ ಯಾರದೋ ಹರಳೆಣ್ಣೆಯ ವಾಸನೆ. ನಾನು ಅದನ್ನು ಕಿತ್ತು ಅಲ್ಲಿ ನಿಂತಿದ್ದ ಕಾರಿನ ಬಾನೆಟ್ಟಿನ ಮೇಲೆ ಎಸೆದೆ.

“ಬುಡು ಶ್ಯಾಮೀ, ನಾನ್ ಮಾಡ್ಕೊಡ್ತೀನಿ” ಎಂದಳು ಭದ್ರಿ, ಟ್ಯಾಂಕಿನ ಕಟ್ಟೆಯ ಮೇಲಿಂದ.

ಎಲ್ಲರೂ ಅವಳ ಕಡೆ ತಿರುಗಿದೆವು. ಅವಳು ಅಷ್ಟು ಉದ್ದದ ಮಾತಾಡಿದ್ದೇ ಅಪರೂಪ.

ಗುಜರಿ ಅಂಗಡಿಯಿಂದ ತೆಳು ಹಿತ್ತಾಳೆ ತಗಡು, ಕಾರ್ಖಾನೆಯಲ್ಲಿ ಕೇಳಿ ತಂದ ತಂತಿಯ ತುಂಡುಗಳು. ದೂತನ ಪಾತ್ರ ಮಾಡುತ್ತಿದ್ದ ಮಾಲಾ ನಮ್ಮ ಬೀದಿಯ ಟೈಲರ್; ನನ್ನ ತಲೆಯ ಅಳತೆಗೆ, ತುರುಬಿಗೂ ಜಾಗ ಬಿಟ್ಟು, ದಪ್ಪ ಬಟ್ಟೆಯ ಟೋಪಿ ಹೊಲಿದುಕೊಟ್ಟಳು. ಅದರ ಸುತ್ತ ಭದ್ರಿ ತಗಡಿನ ಎಲೆಗಳನ್ನು ಕೂರಿಸಿದಳು. ಎಲೆಗಳ ಸಾಲು ಅವಳು ಹಬ್ಬಕ್ಕೆ ಬಾಗಿಲಲ್ಲಿ ಬಿಡುವ ರಂಗೋಲಿಯ ಸಾಲೇ. ಬೆಸುಗೆ ಹಾಕಲಿಲ್ಲ; ಮಲ್ಲಿಗೆ ಮೊಗ್ಗಿಗೆ ದಾರ ಸುತ್ತಿ ಬಿಗಿಯುವ ಹಾಗೆ ತಂತಿ ಸುತ್ತಿ ಬಿಗಿದಿದ್ದಳು. ಒಂದೊಂದು ಎಲೆಯೂ ನಿಂತಿದ್ದದ್ದು ಒಂದೊಂದು ಸಣ್ಣ ಸ್ಪ್ರಿಂಗಿನ ಮೇಲೆ. ತೊಟ್ಟು ಮುಚ್ಚಿರಲಿಲ್ಲ, ಸುರುಳಿ ಎದ್ದು ಕಾಣುತ್ತಿತ್ತು. ಅದನ್ನು ಕೈಯಲ್ಲಿ ಹಿಡಿದಾಗ, ಸುಳ್ಳೇಕೆ ಹೇಳಲಿ, ನಮ್ಮತ್ತೆ ಕೊಟ್ಟ ಅವಲಕ್ಕಿ ಸರವೂ ಇಷ್ಟು ಚೆನ್ನಾಗಿಲ್ಲ ಅನ್ನಿಸಿತು.

ತಲೆಗೆ ಇಟ್ಟುಕೊಂಡು ಒಂದು ಹೆಜ್ಜೆ ಹಾಕಿದೆ. ಎಲೆಗಳೆಲ್ಲ ಗಲಗಲ ನಡುಗಿದವು. ಉಸಿರಾಡಿದರೂ ನಡುಗಿದವು. ‘ಎಲವೋ ದೂತ’ ಎಂದು ಗುಡುಗಿದರೆ, ಚಳಿಜ್ವರ ಬಂದ ದೊರೆಯೊಬ್ಬ ಹೊದಿಕೆ ಕೇಳಿದ ಹಾಗಾಯಿತು. ಮಾಲಾ ನೆಲಕ್ಕೆ ಕೂತು ನಕ್ಕಳು. ಮೇಲಿನ ಮಹಡಿಯ ಬಾಡಿಗೆಯವರು ಬಾಲ್ಕನಿಯಲ್ಲಿ ನಿಂತು ನಕ್ಕರು. ಮೇಷ್ಟ್ರು ಮಾತ್ರ ನಗಲಿಲ್ಲ.

“ನನ್ನ ಶ್ರುತಿಯ ಮೇಲೆ ಇದೇನಮ್ಮ ಇದು, ಪಾತ್ರೆ ಅಂಗಡಿ ಸದ್ದು?” ಎಂದು ಹಾರ್ಮೋನಿಯಂ ಮುಚ್ಚಿಬಿಟ್ಟರು.

ನನಗೆ ಕೋಪ ಮೂಗಿನ ತುದಿಯಲ್ಲಿ. “ಭದ್ರೀ, ಇದನ್ನ ಅಲ್ಲಾಡದಂಗೆ ಬೆಸುಗೆ ಹಾಕ್ಸೇ. ಇಲ್ದಿದ್ರೆ ಬಾಡಿಗೆದೇ ತರ್ತೀನಿ, ಬಟ್ಟೆ ತುರುಕಿ ಇಟ್ಕೋತೀನಿ.”

“ಬೆಸ್ಗೆ ಹಾಕ್ಸಲ್ಲ” ಎಂದಳು.

“ಯಾಕೆ?”

ಅವಳು ಎಲೆಯೊಂದನ್ನು ಬೆರಳಲ್ಲಿ ಒತ್ತಿ ಬಿಟ್ಟಳು. “ಇಷ್ಟು ವರ್ಸ ಆಯ್ತು ಶ್ಯಾಮೀ. ನಾನ್ ಮಾಡಿದ್ ಒಂದು ಸ್ಪ್ರಿಂಗೂ ಯಾರ ಕಣ್ಣಿಗೂ ಬಿದ್ದಿಲ್ಲ. ಎಲ್ಲಾ ಒಳಗೇ ಓಗಿ ಕುಂತ್ಕತವೆ. ನಂಜಪ್ಪಂಗೂ ಗೊತ್ತಿಲ್ಲ ನಾನ್ ಏನ್ ಮಾಡ್ತೀನಿ ಅಂತ. ಒಂದೇ ಒಂದು ದಪ, ಒರಗಡೆ ಇರ್ಲಿ, ಜನ ನೋಡ್ಲಿ ಅಂತ. ಅಷ್ಟೇಯ.”

ನಂಜಪ್ಪ ಅವಳ ಗಂಡ, ಗೂಡ್ಸ್ ಆಟೋ ಓಡಿಸುತ್ತಾನೆ. ದಿನಾ ಹೆಂಡತಿಯನ್ನು ಕಾರ್ಖಾನೆಯ ಗೇಟಿಗೆ ಬಿಡುತ್ತಾನೆ. ಅವನಿಗೂ ಗೊತ್ತಿಲ್ಲ ಎಂದ ಮೇಲೆ ನಾನು ಅಲ್ಲೇ ಒಪ್ಪಿಬಿಡಬೇಕಿತ್ತು. ಆದರೆ ದೊರೆಯ ಬಿಗುಮಾನ ಬಿಡಲಾದೀತೆ? ಮುಂದಿನ ಭಾನುವಾರದೊಳಗೆ ನಡುಕ ನಿಲ್ಲಬೇಕು, ಸದ್ದೂ ನಿಲ್ಲಬೇಕು, ಇಲ್ಲವಾದರೆ ಬಾಡಿಗೆಯದೇ ಎಂದೆ.

ಆ ವಾರವೆಲ್ಲ ಅವಳು ಕೆಲಸ ಮುಗಿಸಿಕೊಂಡು ನಮ್ಮ ಮನೆಗೇ ಬಂದಳು. ನನ್ನನ್ನು ನಡೆಸಿದಳು, ಕೂರಿಸಿ ಏಳಿಸಿದಳು, ಹಾಡಿಸಿದಳು. ನಾನು ಪದ್ಯ ಎತ್ತಿದಾಗ ಕಣ್ಣುಮುಚ್ಚಿ ನನ್ನ ತಲೆಯ ಮೇಲೆ ಅಂಗೈ ಇಟ್ಟುಕೊಂಡು ನಿಲ್ಲುತ್ತಿದ್ದಳು. ತಂತಿ ಬದಲಾಯಿಸಿ ಬಿರುಸಾದದ್ದು ಹಾಕಿದಳು, ಸುರುಳಿ ಗಿಡ್ಡ ಮಾಡಿದಳು. ಎಲೆಗೆ ಎಲೆ ತಾಗದಂತೆ ರಂಗೋಲಿಯ ಸಾಲನ್ನೇ ಅಗಲಿಸಿದಳು. ಒಂದು ಸಂಜೆ ಮೇಷ್ಟ್ರೂ ಬಂದು ಕೂತು, ಹಾರ್ಮೋನಿಯಂನ ಒಂದೊಂದೇ ಸ್ವರದ ಮನೆ ಒತ್ತುತ್ತ, “ಈ ಸ್ವರಕ್ಕೆ ಗುಂಯ್ ಅಂತದೆ ನೋಡಮ್ಮ, ಆ ಬಲಗಡೇದು” ಎನ್ನತೊಡಗಿದರು. ಅವಳು ಆ ಎಲೆಯನ್ನು ಒಂದು ಚೂರು ಕತ್ತರಿಸುವಳು, ಅವರು ಮತ್ತೆ ಒತ್ತುವರು. ನಾನು ನಡುವೆ ಕಿರೀಟದ ಸ್ಟ್ಯಾಂಡಿನ ಹಾಗೆ ಕೂತಿದ್ದೆ. ಕುತ್ತಿಗೆ ನೋವೆಂದರೆ ಇಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ.

“ನೀನ್ ನಡೆದ್ರೆ ಅಲ್ಲಾಡ್ಬಾರ್ದು, ಆಡುದ್ರೂ ಅಲ್ಲಾಡ್ಬಾರ್ದು” ಎಂದಳು ಕೊನೆಗೆ. “ನಿನ್ ಮೈ ಒಳಗಿಂದ ಜುಂ ಅಂದ್ರೆ ಮಾತ್ರ ಅಲ್ಲಾಡ್ಬೇಕು. ಅಂಗೆ ಮಾಡಿವ್ನಿ.”

ಭಾನುವಾರ ಕಿರೀಟ ತಲೆಗೇರಿತು. ನಡೆದೆ, ಗುಡುಗಿದೆ, ಕತ್ತಿ ಬೀಸಿದೆ. ಎಲೆಗಳು ಕಮಕ್ ಕಿಮಕ್ ಎನ್ನಲಿಲ್ಲ. ಸದ್ದೂ ಇಲ್ಲ. ಮೇಷ್ಟ್ರು ಭೇಷ್ ಎಂದರು, ನಾನು ಖುಷಿಯಾದೆ. ಮುಂದಿನ ತಾಲೀಮುಗಳಲ್ಲೂ ಹಾಗೇ. ನಮ್ಮ ಮನೆಯ ಪಾರ್ಕಿಂಗಿನಲ್ಲಿ, ನನ್ನ ಬಾಡಿಗೆಯವರ ಎದುರು, ನನ್ನ ಮೈ ಒಳಗಿಂದ ಜುಂ ಎನ್ನಲು ಏನಿದೆ? ಭದ್ರಿ ಟ್ಯಾಂಕಿನ ಕಟ್ಟೆಯ ಮೇಲೆ ಕಾಯುತ್ತಲೇ ಇದ್ದಳು. ಕಡೆಯ ತಾಲೀಮು ಮುಗಿದ ಮೇಲೆ, “ಓಗ್ಲಿ ಬುಡು, ಗಟ್ಟಿಯಾಗಾದ್ರೂ ಐತಲ್ಲ” ಎಂದು ಚೀಲ ಎತ್ತಿಕೊಂಡಳು. ಎಲ್ಲರ ಕಣ್ಣಿಗೂ ಅದೊಂದು ಅಚ್ಚುಕಟ್ಟಾದ ಹಿತ್ತಾಳೆ ಕಿರೀಟ, ಅಷ್ಟೇ. ಸುರುಳಿ ಕಣ್ಣೆದುರೇ ಇದ್ದರೂ, ಅದು ಸ್ಪ್ರಿಂಗುಗಳ ಮೇಲೆ ನಿಂತಿದೆ ಎಂಬುದನ್ನು ಯಾರೂ ಗಮನಿಸಲಿಲ್ಲ. ಅವಳು ಗೇಟು ದಾಟಿ ಹೋಗುವುದನ್ನು ನೋಡಿ ನನಗೆ ನಿಜವಾಗಿಯೂ ಬೇಜಾರಾಯಿತು.

ನಾಟಕ ನಡೆದದ್ದು ಲಗ್ಗೆರೆಯ ಒಂದು ಕಲ್ಯಾಣ ಮಂಟಪದಲ್ಲಿ, ಭಾನುವಾರ ಬೆಳಗಿನ ತಿಂಡಿಯಾದ ಮೇಲೆ. ಗಂಡಸರ ನಾಟಕದಂತೆ ರಾತ್ರಿಯೆಲ್ಲ ಆಡಿದರೆ ಬೆಳಗ್ಗೆ ಡಬ್ಬಿ ಕಟ್ಟುವವರು ಯಾರು? ಜನ ತುಂಬಿದ್ದರು. ಹಾಸ್ಯ ಮಾಡಲೆಂದೇ ನಾಗಸಂದ್ರದ ನಾಟಕದ ಗಂಡಸರು ಹಿಂದಿನ ಸಾಲು ಹಿಡಿದಿದ್ದರು. ನಂಜಪ್ಪ ಕಾರ್ಖಾನೆಯ ಹೆಂಗಸರನ್ನೆಲ್ಲ ತನ್ನ ಗೂಡ್ಸ್ ಆಟೋದಲ್ಲಿ ತಂದು ಇಳಿಸಿ, ತಾನೂ ಭದ್ರಿಯ ಪಕ್ಕದಲ್ಲಿ ಕೂತ. ಮೊದಲ ಅಂಕವೆಲ್ಲ ಚೆನ್ನಾಗಿಯೇ ಹೋಯಿತು. ನನ್ನ ದನಿಗೆ ಮೈಕ್ ಬೇಕಿರಲಿಲ್ಲ.

ಆಮೇಲೆ ಮುತ್ತಿಗೆಯ ದೃಶ್ಯ. ದೂತ ಮಾಲಾ ಬಂದು, “ಕೋಟೆಯ ಸುತ್ತ ಶತ್ರುಸೈನ್ಯ ನಿಂತಿದೆ, ಶರಣಾಗು” ಎಂದಳು. ಚಂಡರಾಯ ನಗಬೇಕು, ಭಯವೆಂಬುದನ್ನೇ ಅರಿಯೆನೆಂದು ಪದ್ಯ ಎತ್ತಬೇಕು. ನಾನು ನಕ್ಕೆ. “ಭಯವೆಂಬ ಮಾತನ್ನು...” ಎಂದು ಎತ್ತಿದೆ.

ಅಲ್ಲಿಗೆ ನಿಂತಿತು. ಮುಂದಿನ ಸಾಲು ಬರಲಿಲ್ಲ.

ಮೇಷ್ಟ್ರು ಸ್ವರ ಹಿಡಿದು ಕಾದರು. ಹಿಂದಿನ ಸಾಲಿನ ಗಂಡಸರು ಮುಂದಕ್ಕೆ ಬಾಗಿದ್ದು ಕಂಡಿತು. ನನ್ನ ಮೈ ಒಳಗಿಂದ ಜುಂ ಎಂದಿತು. ಮದುವೆಯ ದಿನವೂ ನಾನು ಹಾಗೆ ಹೆದರಿರಲಿಲ್ಲ. ಎದೆ ಸೆಟೆಸಿ, ಕತ್ತಿ ಊರಿ, ಕಲ್ಲಿನಂತೆ ನಿಂತೆ. ನಿಲ್ಲದೆ ಬೇರೆ ದಾರಿ ಇರಲಿಲ್ಲ. ಆಗ ತಲೆಯ ಮೇಲೆ ಏನೋ ಸಣ್ಣಗೆ ಮಿಸುಕಿದ್ದು ಗೊತ್ತಾಯಿತು.

ಎಲೆಗಳು ನಡುಗುತ್ತಿದ್ದವು. ಸದ್ದಿಲ್ಲದೆ, ಎಲ್ಲವೂ ಒಟ್ಟಿಗೆ. ಸ್ಟೇಜಿನ ದೀಪ ಅವಕ್ಕೆ ಹೊಡೆದು ಮಂಟಪದ ಗೋಡೆಗೆಲ್ಲ ಬೆಳಕಿನ ಚುಕ್ಕೆಗಳು ಹಾರಿದವು. ಕಲ್ಲಿನಂತೆ ನಿಂತ ದೊರೆ, ನಡುಗುವ ಕಿರೀಟ. ಜನರಿಗೆ ಅರ್ಥವಾಗಿಬಿಟ್ಟಿತು: ಇವನು ಇಷ್ಟು ಹೊತ್ತು ಹೇಳಿದ್ದೆಲ್ಲ ಸುಳ್ಳು, ಪಾಪ, ಒಳಗೆ ಹೆದರಿದ್ದಾನೆ. ಮುಂದಿನ ಸಾಲಿನಲ್ಲಿದ್ದ ಒಬ್ಬ ಅಜ್ಜಿ, “ಅಯ್ಯೋ ನನ್ನಪ್ಪಾ” ಎಂದಳು. ಆಮೇಲೆ ಚಪ್ಪಾಳೆ ಬಿತ್ತು ನೋಡಿ, ಹಿಂದಿನ ಸಾಲಿನಿಂದಲೇ ಮೊದಲು. “ಒನ್ಸ್ ಮೋರ್! ಒನ್ಸ್ ಮೋರ್!”

ಪದ್ಯಕ್ಕೆ ಒನ್ಸ್ ಮೋರ್ ಕೇಳುವುದು ಗೊತ್ತು. ನಡುಕಕ್ಕೆ ಕೇಳಿದ್ದನ್ನು ಅವತ್ತೇ ಕಂಡದ್ದು. ಮೇಷ್ಟ್ರು ಕಣ್ಣು ಮಿಟುಕಿಸಿ ಮತ್ತೆ ಸ್ವರ ಹಿಡಿದರು. ನಾನು ನಕ್ಕೆ, “ಭಯವೆಂಬ ಮಾತನ್ನು...” ಎಂದು ಎತ್ತಿ, ಕಲ್ಲಿನಂತೆ ನಿಂತೆ. ಆದರೆ ಚಪ್ಪಾಳೆ ಬಿದ್ದ ಮೇಲೆ ಭಯ ಎಲ್ಲಿಂದ ತರಲಿ? ಪದ್ಯ ಪೂರ್ತಿ ನೆನಪಾಗಿತ್ತು, ಮೈ ಹೂವಿನಂತೆ ಹಗುರಾಗಿತ್ತು. ಕಿರೀಟ ಮಿಸುಕಲಿಲ್ಲ. ಕತ್ತು ಕುಣಿಸಿದೆ, ಊಹೂಂ. ಅಷ್ಟು ಬಿಗಿಯಾಗಿ ಮಾಡಿದ್ದಳು ಮಹಾತಾಯಿ. ಹಿಂದಿನ ಸಾಲಿನಲ್ಲಿ ನಗೆ ಶುರುವಾಯಿತು.

“ಉಸ್ರು ಬಿಗಿ ಇಡ್ಕಳೇ ಶ್ಯಾಮೀ! ಉಸ್ರು ಬುಡ್‌ಬ್ಯಾಡ!”

ಮಂಟಪದ ನಡುವೆ ಭದ್ರಿ ಎದ್ದು ನಿಂತಿದ್ದಳು. ಸ್ಟೇಜ್ ಎಂದರೆ ಕೈಕಾಲು ತಣ್ಣಗಾಗುವ ಭದ್ರಿ, ಕೈ ಎತ್ತಿ, ಎರಡು ಬೆರಳನ್ನು ಒತ್ತಿ ಬಿಡುತ್ತ, ಅಷ್ಟು ಜನರ ನಡುವೆ ಕೂಗುತ್ತಿದ್ದಳು. ಇಡೀ ಮಂಟಪ ತಿರುಗಿ ನೋಡಿತು. ನಂಜಪ್ಪ ಬಾಯಿ ಬಿಟ್ಟುಕೊಂಡು ಅವಳನ್ನೇ ನೋಡುತ್ತಿದ್ದ.

ಚನ್ನವೀರಪ್ಪ ಮೇಷ್ಟ್ರು ಹಾರ್ಮೋನಿಯಂ ಬಿಟ್ಟು ಮೈಕಿಗೆ ಬಾಗಿದರು. “ಆ ಕಿರೀಟ ಮಾಡಿದವರು ಅವರೇ. ಪೀಣ್ಯದ ಸ್ಪ್ರಿಂಗ್ ಭದ್ರಮ್ಮನವರು.”

“ಅವು ಸ್ಪ್ರಿಂಗಾ?” ಎಂದ ನಂಜಪ್ಪ, ಮೈಕಿಲ್ಲದೆಯೇ ಎಲ್ಲರಿಗೂ ಕೇಳುವಂತೆ. “ನೀನ್ ಮಾಡೋದು ಇವನ್ನಾ?”

ಕಾರ್ಖಾನೆಯ ಹೆಂಗಸರು ಶಿಳ್ಳೆ ಹೊಡೆದರು. ನಾನು ಅಳುವ ಜಾತಿಯಲ್ಲ, ನಮ್ಮ ಬಾಡಿಗೆಯವರನ್ನು ಕೇಳಿ ಬೇಕಾದರೆ. ಆದರೂ ಎದೆಯೊಳಗಿಂದ ಏನೋ ಉಕ್ಕಿ ಬಂತು, ಹಲ್ಲು ಕಚ್ಚಿ ಉಸಿರು ಬಿಗಿ ಹಿಡಿದೆ. ಗೋಡೆಯ ಮೇಲೆ ಚುಕ್ಕೆಗಳು ಮತ್ತೆ ಹಾರತೊಡಗಿದವು. ಜನ ಒಂದು ಸಲ ಅವಳನ್ನೂ ಒಂದು ಸಲ ನನ್ನನ್ನೂ ನೋಡುತ್ತ ಚಪ್ಪಾಳೆ ತಟ್ಟುತ್ತಿದ್ದರು. ಭದ್ರಿ ಅವರ ಕಡೆ ತಿರುಗಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ಕೈ ಹಾಗೇ ಎತ್ತಿಕೊಂಡು, ನನ್ನ ತಲೆಯ ಮೇಲಿನ ತನ್ನ ಸ್ಪ್ರಿಂಗುಗಳನ್ನು ನೋಡುತ್ತ ನಿಂತಿದ್ದಳು.